ಹುಣ್ಣಿಮೆ ನೋಡಿ ಟಿಕೆಟ್ ತೆಗೆಸಿ: ಬಾದಾಮಿ ಸೀಮೆಯ ಕಥೆ, ಜಾತ್ರೆ, ಆಚರಣೆಗಳ ದಾರಿ

ಬಾದಾಮಿಗೆ ಹೊರಡುವವರು ಮೊದಲು ರಜೆ ನೋಡುತ್ತಾರೆ, ಆಮೇಲೆ ರೈಲು, ಕೊನೆಗೆ ಹೋಟೆಲು. ಗುಡಿ, ಗುಹೆ, ಶಾಸನ ನೋಡುವುದಷ್ಟೇ ಇದ್ದರೆ ಈ ಕ್ರಮ ಸರಿಯೇ. ಕಲ್ಲು ಎಲ್ಲಿಗೂ ಹೋಗುವುದಿಲ್ಲ. ಆದರೆ ಈ ಸೀಮೆಯ ಕಥೆ, ಹರಕೆ, ಹಾಡು, ಆಟ ನೋಡಬೇಕೆನ್ನುವವರು ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಿಂದ ಶುರುಮಾಡಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಹಳ್ಳಿಗಳಲ್ಲಿ ವರ್ಷ ಸಾಗುವುದು ಹುಣ್ಣಿವಿ-ಅಮಾಸಿಗಳ ಮೇಲೆ. ತಿಥಿ ತಪ್ಪಿಸಿ ಬಂದರೆ ಖಾಲಿ ತೇರಿನ ಮನೆ ನೋಡಿಕೊಂಡು ಹೋಗಬೇಕಾಗುತ್ತದೆ.

ವರ್ಷದ ಲೆಕ್ಕ ಹೀಗಿದೆ. ಜನವರಿಯ ಆಸುಪಾಸಿಗೆ ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ಮಾರ್ಚ್‌ನಲ್ಲಿ ಬಾಗಲಕೋಟೆಯ ಹೋಳಿ. ಜೂನ್‌ನಲ್ಲಿ ಕಾರಹುಣ್ಣಿಮೆ, ಅದರ ಬೆನ್ನಿಗೆ ಮಣ್ಣೆತ್ತಿನ ಅಮಾವಾಸ್ಯೆ. ಶ್ರಾವಣದಲ್ಲಿ ನಾಗಪಂಚಮಿ. ಭಾದ್ರಪದದಲ್ಲಿ, ಅಂದರೆ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಜೋಕುಮಾರ. ಹೊಲಗಳಲ್ಲಿ ಜೋಳ ನಿಂತಿರುವಾಗ ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಯ ಚರಗ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬರಬೇಡಿ. ಬಂಡೆಗಲ್ಲು ಕಾದು ಬಿಸಿಲು 40 ಡಿಗ್ರಿಯ ಹತ್ತಿರ ಇರುತ್ತದೆ, ಮಧ್ಯಾಹ್ನ ನಿಮ್ಮೊಂದಿಗೆ ಮಾತಾಡಲು ಕಟ್ಟೆಯ ಮೇಲೆ ಯಾರೂ ಸಿಗುವುದಿಲ್ಲ.

ಒಂದೇ ಸಲ ಬರುವುದಾದರೆ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರ ಬನದ ಹುಣ್ಣಿಮೆ.

ಬನಶಂಕರಿ ಜಾತ್ರೆ

ಬಾದಾಮಿಯಿಂದ ಐದು ಕಿಲೋಮೀಟರು, ಚೊಳಚಗುಡ್ಡದ ಮಗ್ಗುಲಲ್ಲಿ ಬನಶಂಕರಿ. ದುರ್ಗಮಾಸುರನ ಕಾಟದಿಂದ ಮಳೆ ನಿಂತು, ನೂರು ವರ್ಷ ಬರ ಬಿದ್ದು, ಜನ ಹಸಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಕೊಟ್ಟಳಂತೆ. ಅದಕ್ಕೇ ಆಕೆ ಶಾಕಾಂಬರಿ. ಮಳೆಯನ್ನೇ ನೆಚ್ಚಿಕೊಂಡ ಈ ಎರೆಹೊಲದ ಸೀಮೆಗೆ ಇದಕ್ಕಿಂತ ಒಪ್ಪುವ ದೇವಿ ಇರಲಾರಳು. ಜಾತ್ರೆ ಬರುವುದೂ ಮಲಪ್ರಭೆಯ ದಂಡೆಯ ತೋಟಗಳಲ್ಲಿ ಕಾಯಿಪಲ್ಯ ತುಂಬಿ ತುಳುಕುವ ಹೊತ್ತಿಗೆ.

ಪುಷ್ಯ ಶುದ್ಧ ಅಷ್ಟಮಿಗೆ ನವರಾತ್ರಿ ಶುರು. ಹುಣ್ಣಿಮೆಯ ಹಿಂದಿನ ದಿನ ಪಲ್ಯೇದ ಹಬ್ಬ: ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಹುಣ್ಣಿಮೆಯ ಸಂಜೆ ತೇರು. ತೇರೆಳೆಯುವ ಹಗ್ಗ ಬರುವುದು ನೆರೆಯ ಗದಗ ಜಿಲ್ಲೆ ರೋಣ ತಾಲ್ಲೂಕಿನ ಮಾಡಲಗೇರಿಯಿಂದ, ಹಳಿಬಂಡಿಯಲ್ಲಿ. ಎತ್ತುಗಳು ಆ ಬಂಡಿ ಎಳೆದುಕೊಂಡು ಜಾತ್ರೆಯ ಜನಜಂಗುಳಿಯೊಳಗೆ ನುಗ್ಗುವುದನ್ನು ನೋಡಲು ತೇರಿಗಿಂತ ಮೊದಲೇ ಬಂದು ನಿಲ್ಲುವವರಿದ್ದಾರೆ. ನೀವೂ ಮಧ್ಯಾಹ್ನಕ್ಕೇ ಬಂದು ಎತ್ತರದ ಜಾಗ ಹಿಡಿಯಿರಿ. ತೇರು ಸಾಗುವಾಗ ಮೇಲೆ ಎಸೆದ ಉತ್ತತ್ತಿ, ಬಾಳೆಹಣ್ಣು ಕೆಳಗೂ ಬೀಳುತ್ತವೆ, ಕನ್ನಡಕದ ಮೇಲೆ ಕೈ ಇರಲಿ.

ಗುಡಿಯ ಎದುರಿಗೆ ಹರಿದ್ರಾ ತೀರ್ಥ. ಮೂರು ದಿಕ್ಕಿಗೆ ಕಂಬದ ಸಾಲು ಇರುವ ಚೌಕಾಕಾರದ ಹೊಂಡ ಇದು, ಬದಿಗೆ ದೀಪಸ್ತಂಭ. ಈಗಿನ ಗುಡಿಯನ್ನು 1750ರಲ್ಲಿ ಕಟ್ಟಿಸಿದವನು ಪರಶುರಾಮ ಅಗಳೆ ಎಂಬ ಮರಾಠಾ ಸರದಾರ, ಆದರೆ ದೇವಿಯ ನೆಲೆ ಚಾಲುಕ್ಯರಷ್ಟು ಹಳೆಯದು. ಕಪ್ಪು ಶಿಲೆಯ, ಎಂಟು ಕೈಗಳ ದೇವಿ ಸಿಂಹದ ಮೇಲೆ ಕೂತಿದ್ದಾಳೆ. ನೇಕಾರ ದೇವಾಂಗದವರಿಗೆ ಆಕೆ ಕುಲದೇವತೆ. ಮಹಾರಾಷ್ಟ್ರ, ಆಂಧ್ರದಿಂದಲೂ ಅವರ ಮನೆತನಗಳು ಬರುತ್ತವೆ. ಹೊಂಡದಲ್ಲಿ ನೀರಿದ್ದ ವರ್ಷ, ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪ ಕಟ್ಟಿ ಅದರಲ್ಲಿ ಎಳೆಗೂಸನ್ನು ಮಲಗಿಸಿ ತೇಲಿಸುವುದುಂಟು. ಹೊರಗಿನವರಿಗೆ ಎದೆ ಝಲ್ಲೆನ್ನುತ್ತದೆ. ತೆಪ್ಪ ಹಿಡಿದ ಕೈಗಳು ಸುತ್ತಲೂ ಇರುತ್ತವೆ, ನೀವು ಕೂಗಾಡಬೇಕಾಗಿಲ್ಲ. ಮೊಬೈಲು ಎತ್ತುವ ಮೊದಲು ಕೂಸಿನ ತಾಯಿಯ ಮುಖ ಒಮ್ಮೆ ನೋಡಿ, ಒಪ್ಪಿಗೆ ಇದ್ದರೆ ತಿಳಿಯುತ್ತದೆ.

ತೇರಾದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನೂಕುನುಗ್ಗಲು ಒಗ್ಗದವರು ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಬರುವುದು ಜಾಣತನ. ಬಳೆ, ಬೆಂಡು-ಬತ್ತಾಸ, ಬಾಂಡೆ ಸಾಮಾನುಗಳ ಸಾಲು ದಾಟಿದರೆ ಕಟ್ಟಿಗೆಯ ಬಾಗಿಲು-ಚೌಕಟ್ಟು ಮಾರುವ ಸಾಲು. ಹೊಸ ಮನೆ ಕಟ್ಟಿಸುವವರು ತಲೆಬಾಗಿಲನ್ನು ಜಾತ್ರೆಯಲ್ಲೇ ಕೊಳ್ಳಬೇಕೆಂದು ಕಾದಿದ್ದು ಬರುತ್ತಾರೆ. ಚೌಕಟ್ಟಿನ ಮೇಲಿನ ಕೆತ್ತನೆ ಮುಟ್ಟಿ ನೋಡಿ, ದರ ಕೇಳಿ. ಕೊಳ್ಳದಿದ್ದರೂ ಯಾರೂ ಬೇಸರಪಡುವುದಿಲ್ಲ.

ರಾತ್ರಿ ನಾಟಕ ಕಂಪನಿಗಳದು. ವೃತ್ತಿ ರಂಗಭೂಮಿ ಇನ್ನೂ ಹೊಟ್ಟೆ ಹೊರೆದುಕೊಳ್ಳುವ ಕೆಲವೇ ಜಾಗಗಳಲ್ಲಿ ಈ ಜಾತ್ರೆಯೂ ಒಂದು. ತಗಡಿನ ಥಿಯೇಟರುಗಳು ಒಂದರ ಪಕ್ಕ ಒಂದು ಎದ್ದು, ಒಂದರ ಹಾರ್ಮೋನಿಯಂ ಇನ್ನೊಂದರ ಸಂಭಾಷಣೆಯೊಳಗೆ ಹೊಗುತ್ತದೆ. ಬೋರ್ಡಿನ ಮೇಲಿನ ನಾಟಕದ ಹೆಸರು ನೋಡಿ ಮುಖ ಸಿಂಡರಿಸಬೇಡಿ, ಹೆಸರಿನಷ್ಟು ನಾಟಕ ಕೆಟ್ಟಿರುವುದಿಲ್ಲ. ಹಾಸ್ಯದ ಜೋಡಿ ಬಂದಾಗ ಮುಂದಿನ ಸಾಲಿನ ಅಜ್ಜಿಯರು ನಗುವ ರೀತಿಗೇ ಟಿಕೆಟಿನ ದುಡ್ಡು ಹುಟ್ಟುತ್ತದೆ.

ಊಟದ ಚಿಂತೆ ಬೇಡ. ಗುಡಿಯ ಆಜುಬಾಜು ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಮುಳಗಾಯಿ ಪಲ್ಯ, ಕೆಂಪು ಖಾರ, ಶೇಂಗಾ ಚಟ್ನಿ, ಮಡಕೆಯ ಕೆನೆಮೊಸರು ಸಿಗುತ್ತದೆ. ನೆಲದ ಮೇಲೇ ಕೂತು ಉಣ್ಣಬೇಕು. "ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?" ಎಂದು ಕೇಳುವಾಗ ರೊಟ್ಟಿ ಆಗಲೇ ನಿಮ್ಮ ಎಲೆಯ ಮೇಲಿರುತ್ತದೆ. ಬಾದಾಮಿಯ ಹೋಟೆಲುಗಳಿಗಿಂತ ಈ ಊಟವೇ ಮೇಲು.

ಜಾತ್ರೆಯ ದಿನಗಳಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹೋಟೆಲಿನಲ್ಲಿ ಮುಂಚೆಯೇ ಕಾದಿರಿಸಿ, ಇಲ್ಲದಿದ್ದರೆ ಬಾಗಲಕೋಟೆಯ ನವನಗರದಲ್ಲಿ ಉಳಿದು ಬಸ್ಸಿನಲ್ಲಿ ಓಡಾಡಿ. ಎರಡೂ ಊರಿಗೆ ರೈಲು ಇದೆ, ಗದಗ–ಸೊಲ್ಲಾಪುರ ಮಾರ್ಗದಲ್ಲಿ. ಬಾದಾಮಿಯ ನಿಲ್ದಾಣ ಮಾತ್ರ ಊರಿನಿಂದ ಐದು ಕಿಲೋಮೀಟರು ದೂರ. ರಾತ್ರಿ ಇಳಿಯುವವರು ಆಟೋದ ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ವಾತಾಪಿಯ ಕೆರೆಯ ಸುತ್ತ

ಇಲ್ವಲ, ವಾತಾಪಿ ಎಂಬ ಅಣ್ಣತಮ್ಮ ರಾಕ್ಷಸರ ಕಥೆ ಎಲ್ಲರಿಗೂ ಗೊತ್ತು. ಅಣ್ಣ ತಮ್ಮನನ್ನು ಆಡು ಮಾಡಿ ಕೊಯ್ದು ಅತಿಥಿಗೆ ಬಡಿಸುವುದು, ಉಂಡಾದ ಮೇಲೆ ಹೆಸರು ಹಿಡಿದು ಕರೆಯುವುದು, ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುವುದು. ಅಗಸ್ತ್ಯ ಮಾತ್ರ ಉಂಡು, ಹೊಟ್ಟೆ ಸವರಿ, ಅರಗಿಸಿಕೊಂಡ. ಈ ಕಥೆ ಕೇಳಲು ತಕ್ಕ ಜಾಗ ಗುಹೆಗಳ ಮೆಟ್ಟಿಲಲ್ಲ, ಅಗಸ್ತ್ಯ ತೀರ್ಥದ ದಂಡೆ. ಎದುರುಬದುರು ನಿಂತ ಕೆಂಪು ಬೆಟ್ಟಗಳೇ ಆ ಅಣ್ಣತಮ್ಮಂದಿರು ಎಂದು ತೋರಿಸುವವರು ಅಲ್ಲಿ ಸಿಗುತ್ತಾರೆ. ಮುಂಜಾನೆ ಆರೂವರೆಗೆ ಹೋಗಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಬೆಟ್ಟಕ್ಕೆ ಬಡಿದು ಮರಳಿ ಬರುತ್ತಿರುತ್ತದೆ, ಭೂತನಾಥ ಗುಡಿಯ ಕಡೆ ಇನ್ನೂ ಯಾರೂ ಬಂದಿರುವುದಿಲ್ಲ. ಗುಹೆಗಳಿಗೆ ಆಮೇಲೆ ಹತ್ತಿ, ಕೈಯಲ್ಲಿ ತಿನಿಸಿನ ಚೀಲ ಬೇಡ. ಮಂಗಗಳಿಗೆ ಯಾವ ಮುಲಾಜೂ ಇಲ್ಲ.

ಪಲ್ಲವ ನರಸಿಂಹವರ್ಮ 642ರಲ್ಲಿ ಈ ಊರನ್ನು, ಅಂದರೆ ಆಗಿನ ವಾತಾಪಿಯನ್ನು, ಗೆದ್ದ. ಅವನ ಸೇನಾಪತಿ ಪರಂಜ್ಯೋತಿ ಇಲ್ಲಿಯ ಗಣಪತಿಯನ್ನು ಒಯ್ದು ತಮಿಳುನಾಡಿನ ತಿರುಚ್ಚೆಂಕಾಟ್ಟಂಗುಡಿಯಲ್ಲಿ ಇಟ್ಟನೆಂದು ಅಲ್ಲಿಯ ಪ್ರತೀತಿ. ಮುತ್ತುಸ್ವಾಮಿ ದೀಕ್ಷಿತರ ಹೆಸರಾಂತ ಕೃತಿಯ ವಾತಾಪಿ ಗಣಪತಿ ಅವನೇ. ಚರಿತ್ರೆಕಾರರು ತಲೆ ಕೆರೆದುಕೊಳ್ಳುತ್ತಾರೆ, ಕಥೆ ತನ್ನ ಪಾಡಿಗೆ ಇದೆ.

ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆಯ ಕಡೆ ನಡೆದರೆ ಕಪ್ಪೆ ಅರಭಟ್ಟನ ಶಾಸನದ ಬಂಡೆ. ಸುಮಾರು ಕ್ರಿ.ಶ. 700ರದು. ಬಂದವರಲ್ಲಿ ಬಹುಮಂದಿ ಇದನ್ನು ನೋಡದೇ ಹೋಗುತ್ತಾರೆ. ಇದರಲ್ಲಿ ತ್ರಿಪದಿಗಳಿವೆ, ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ತ್ರಿಪದಿಗಳು. ಬೀಸುಕಲ್ಲಿನ ಮುಂದೆ ಕೂತು ಈ ಸೀಮೆಯ ಅವ್ವಂದಿರು ತವರನ್ನು, ಮಳೆಯನ್ನು, ಅತ್ತೆಯನ್ನು ಹಾಡಿದ್ದೂ ಅದೇ ಮೂರು ಸಾಲಿನ ಮಟ್ಟಿನಲ್ಲಿ. ಬಂಡೆಯ ಮೇಲಿನ ಅಕ್ಷರಕ್ಕೂ ಹಿಟ್ಟಿನ ಮನೆಯ ಹಾಡಿಗೂ ನಡುವೆ ಸಾವಿರದ ಮುನ್ನೂರು ವರ್ಷ. ಹಳ್ಳಿಯಲ್ಲಿ ಪರಿಚಯವಾದರೆ ವಯಸ್ಸಾದ ಹೆಣ್ಣುಮಕ್ಕಳಿಗೆ ಬೀಸುವ ಪದ ಬರುತ್ತದೆಯೇ ಎಂದು ಕೇಳಿ. "ಈಗ ಗಿರಣಿ ಬಂದಾವ್ರಿ, ಎಲ್ಲಾ ಮರ್ತೀವಿ" ಎನ್ನುತ್ತಾರೆ. ಎರಡನೇ ಸಲ ಕೇಳಿದರೆ ಹಾಡುತ್ತಾರೆ.

ಐಹೊಳೆ, ಸಿದ್ಧನಕೊಳ್ಳ

ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು ದಾಟಿ ಐಹೊಳೆ. ಮಹಾಕೂಟದಲ್ಲಿ ಚಿಲುಮೆಯ ನೀರಿನ ಹೊಂಡದಲ್ಲಿ ಸ್ನಾನಕ್ಕೆ ಇಳಿಯಬಹುದು, ಬದಲಿ ಬಟ್ಟೆ ಒಯ್ಯಿರಿ. ಪಟ್ಟದಕಲ್ಲಿನ ಬಗ್ಗೆ ಬೇರೆ ಪುಸ್ತಕಗಳಿವೆ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗುವುದರಿಂದ ಅದು ಪಟ್ಟ ಕಟ್ಟುವ ಪವಿತ್ರ ಜಾಗವಾಯಿತು ಎಂಬುದಷ್ಟು ನೆನಪಿರಲಿ.

ಐಹೊಳೆ ಹುನಗುಂದ ತಾಲ್ಲೂಕಿನದು. ಕ್ಷತ್ರಿಯರನ್ನು ಸಂಹರಿಸಿ ಬಂದ ಪರಶುರಾಮ ಇಲ್ಲಿ ಹೊಳೆಯಲ್ಲಿ ಕೊಡಲಿ ತೊಳೆದ, ನೀರು ಕೆಂಪಾಯಿತು, ನೋಡಿದ ಹೆಂಗಸು "ಅಯ್ಯೋ ಹೊಳೆ" ಎಂದಳು ಎನ್ನುತ್ತಾರೆ. ದಂಡೆಯಲ್ಲಿ ಕೊಡಲಿಯಾಕಾರದ ಬಂಡೆಯನ್ನೂ ಪಾದದ ಗುರುತನ್ನೂ ತೋರಿಸುತ್ತಾರೆ. ಮೇಗುಟಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ 634ರಲ್ಲಿ ಪುಲಕೇಶಿಯ ದಂಡಯಾತ್ರೆಗಳನ್ನು ಸಂಸ್ಕೃತದಲ್ಲಿ ಕೆತ್ತಿಸಿದ್ದಾನೆ. ನನಗೆ ಅದಕ್ಕಿಂತ ಊರವರು ಗುಡಿಗಳಿಗೆ ಕೊಟ್ಟ ಹೆಸರುಗಳು ಇಷ್ಟ. ಹುಚ್ಚಿಮಲ್ಲಿ ಗುಡಿ, ಗೌಡರ ಗುಡಿ, ಕೊಂತಿಗುಡಿ, ಲಾಡಖಾನ್ ಗುಡಿ. ದೇವರಿಲ್ಲದ ಗುಡಿಯಲ್ಲಿ ಯಾರು ವಾಸವಿದ್ದರೋ ಅವರ ಹೆಸರೇ ಗುಡಿಗೆ ನಿಂತಿತು. ದುರ್ಗ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ, ಅದು ಕೋಟೆಯ ಪಕ್ಕದ್ದು. ವಸ್ತುಸಂಗ್ರಹಾಲಯಗಳು, ಬಾದಾಮಿಯದೂ ಸೇರಿ, ಶುಕ್ರವಾರ ಮುಚ್ಚಿರುತ್ತವೆ.

ಬಾದಾಮಿಯ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದೆ. ತಲೆಯ ಜಾಗದಲ್ಲಿ ಕಮಲ, ಹೆರುವ ಭಂಗಿಯಲ್ಲಿ ಮಡಿಚಿ ಅಗಲಿಸಿದ ಕಾಲು. ಅಲ್ಲಿ ಗಾಜಿನ ಮುಂದೆ ನಿಂತು ಕಿಸಕ್ಕನೆ ನಗುವವರನ್ನು ನೋಡಿದ್ದೇನೆ. ಅಂಥವರು ಐಹೊಳೆಯ ಹತ್ತಿರದ ಸಿದ್ಧನಕೊಳ್ಳಕ್ಕೆ ಹೋಗುವುದು ಒಳ್ಳೆಯದು. ಅಲ್ಲಿ ಅದೇ ದೇವಿ ಇಂದಿಗೂ ಪೂಜೆಗೊಳ್ಳುತ್ತಾಳೆ. ಮಕ್ಕಳಾಗಲೆಂದು ಬೇಡಿಕೊಳ್ಳುವ ಹೆಣ್ಣುಮಕ್ಕಳು ಎಣ್ಣೆ, ಕುಂಕುಮ ಏರಿಸಿ ಮೌನವಾಗಿ ಕೂತಿರುತ್ತಾರೆ. ಅಲ್ಲಿ ಕ್ಯಾಮೆರಾ ಒಳಗಿಡಿ, ಗಂಡಸರು ಸ್ವಲ್ಪ ದೂರ ನಿಲ್ಲಿ. ಮಳೆಗಾಲದಲ್ಲಿ ಕೊಳ್ಳದ ಮೇಲಿಂದ ನೀರು ಧುಮುಕುತ್ತದೆ, ಮಠದಲ್ಲಿ ಬಂದವರಿಗೆಲ್ಲ ದಾಸೋಹ ಉಂಟು. ಸಂಕ್ರಾಂತಿಗೆ ಜಾತ್ರೆ.

ಬಾಗಲಕೋಟೆಯ ಬಣ್ಣ

ಹೋಳಿಯಲ್ಲಿ ಬಾಗಲಕೋಟೆಗೆ ಕೋಲ್ಕತ್ತದ ನಂತರದ ಸ್ಥಾನ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೋಲ್ಕತ್ತದವರನ್ನು ಯಾರೂ ಕೇಳಿದಂತಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಮುಳುಗಿ ಜನ ನವನಗರಕ್ಕೆ ಹೋದರೂ, ಹೋಳಿಗೆ ಮಾತ್ರ ಎಲ್ಲರೂ ಹಳೆ ಊರಿಗೇ ಮರಳುತ್ತಾರೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಓಣಿಗಳ ಪೈಪೋಟಿ ಇದು. ಹಬ್ಬಕ್ಕೆ ಮುಂಚಿನಿಂದಲೇ ರಾತ್ರಿಯೆಲ್ಲ ಹಲಗಿ. ಚರ್ಮದ ಹಲಗಿಯನ್ನು ಹುಲ್ಲಿನ ಬೆಂಕಿಗೆ ಹಿಡಿದು, ಬೆರಳಿಂದ ತಟ್ಟಿ, ನಾದ ಬಿಗಿಯಾಗುವ ತನಕ ಕಾಸುವುದನ್ನು ನಿಂತು ನೋಡಿ. ಆಮೇಲೆ ಸೋಗಿನ ಬಂಡಿಗಳು, ಕಾಮದಹನ, "ಲಬೋ ಲಬೋ" ಎಂದು ಬಾಯಿ ಬಡಿದುಕೊಳ್ಳುವುದು. ಅದಾದ ಮೇಲೆ ಬಣ್ಣ. ಪೀಪಾಯಿ ಹೇರಿದ ಬಣ್ಣದ ಬಂಡಿಗಳು ಓಣಿಗಳ ಸರದಿ ಪ್ರಕಾರ ಹೊರಟು ಎದುರಾದಾಗ ರಸ್ತೆಯಲ್ಲಿ ಒಣ ಮನುಷ್ಯ ಎಂಬವನು ಇರುವುದಿಲ್ಲ.

ಹಳೆ ಬಟ್ಟೆ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಅಂಗಡಿ-ಮುಂಗಟ್ಟು ಮುಚ್ಚಿರುವುದರಿಂದ ನೀರು, ತಿನಿಸು ಹಿಂದಿನ ದಿನವೇ ಕೊಂಡಿಡಿ. ಮಹಿಳೆಯರು, ಮಕ್ಕಳಿರುವವರು ಪರಿಚಯದವರ ಮಾಳಿಗೆ ಹಿಡಿದು ಕೂತರೆ ನೋಟವೂ ಚೆಂದ, ನೆಮ್ಮದಿಯೂ ಹೌದು.

ಬಯಲಾಟದಲ್ಲಿ ಆಸಕ್ತಿ ಇರುವವರು ಬಾಗಲಕೋಟೆಯಲ್ಲೇ ಇರುವ ಕರ್ನಾಟಕ ಬಯಲಾಟ ಅಕಾಡೆಮಿಯಲ್ಲಿ ವಿಚಾರಿಸಿ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳು ಯಾವ ಊರಲ್ಲಿ ಯಾವಾಗ ಎಂದು ತಿಳಿಯುತ್ತದೆ. ಆಟ ಶುರುವಾಗುವುದೇ ರಾತ್ರಿ ಊಟ ಮುಗಿದ ಮೇಲೆ, ಮುಗಿಯುವುದು ಬೆಳಗಿಗೆ. ಹೊದಿಕೆ ಒಯ್ಯಿರಿ.

ಮಳೆಯ ದೇವರುಗಳು

ಕಾರಹುಣ್ಣಿಮೆಗೆ ಯಾವ ಹಳ್ಳಿಯಾದರೂ ನಡೆಯುತ್ತದೆ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಅಡ್ಡ ಕಟ್ಟಿದ ಬೇವಿನ ತೋರಣವನ್ನು ಓಡಿ ಬಂದು ಮೊದಲು ಹರಿದದ್ದು ಬಿಳಿ ಎತ್ತಾದರೆ ಹಿಂಗಾರಿ ಚೆನ್ನ, ಕೆಂದೆತ್ತಾದರೆ ಮುಂಗಾರಿ ಚೆನ್ನ ಎಂದು ಲೆಕ್ಕ. ಎತ್ತು ಓಡುವ ದಾರಿಯಲ್ಲಿ ನಿಂತು ಫೋಟೊ ತೆಗೆಯುವ ಸಾಹಸ ಬೇಡ.

ಜೋಕುಮಾರನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವನೇ ಬರುತ್ತಾನೆ. ಗಣಪತಿ ಹಬ್ಬ ಕಳೆದು ಅಷ್ಟಮಿಗೆ ಹುಟ್ಟಿ, ಹುಣ್ಣಿಮೆಗೆ ಸಾಯುವ ಮಣ್ಣಿನ ದೇವರು ಇವನು. ಬುಟ್ಟಿಯ ತುಂಬ ಬೇವು, ನಡುವೆ ದಪ್ಪ ಮೀಸೆ, ದೊಡ್ಡ ಬಾಯಿಯ ಜೋಕಪ್ಪ. ಗಂಗಾಮತಸ್ಥ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಬಂದು ಬುಟ್ಟಿ ಇಳಿಸಿ, ಸುತ್ತ ಕೂತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ ಅವನ ಬಾಯಿಗೆ ಬೆಣ್ಣೆ ಸವರುತ್ತಾರೆ. ಗಣಪತಿ ಕಡುಬು ಉಂಡು ಹೋಗಿ ಭೂಲೋಕ ಸುಖವಾಗಿದೆ ಎಂದು ಶಿವನಿಗೆ ಹೇಳುತ್ತಾನಂತೆ. ಬಡವರ ಕಷ್ಟ, ಮಳೆಯ ಕೊರತೆ ಹೇಳುವವನು ಜೋಕುಮಾರ. ಪುಂಡಾಟ ಮಾಡಿ ಕೊಲೆಯಾಗುವವನೂ ಅವನೇ. ಅವನು ಸತ್ತ ಮೇಲೆ ಅಗಸರು ಮೂರು ದಿನ ಹೊಳೆಯಲ್ಲಿ ಬಟ್ಟೆ ಒಗೆಯಬಾರದೆಂಬ ರೂಢಿ ಇತ್ತು. ಹಾಡುವವರಿಗೆ ಕಾಳು ಕೊಡುವುದೇ ಪದ್ಧತಿ, ನಿಮ್ಮ ಹತ್ತಿರ ಕಾಳು ಎಲ್ಲಿಂದ ಬರಬೇಕು, ನೋಟು ಕೊಡಿ. ಫೋಟೊ ತೆಗೆದು ಕೈಬೀಸಿ ಹೋಗುವುದು ಮಾತ್ರ ಸಲ್ಲ.

ಮಳೆ ಕೈಕೊಟ್ಟ ವರ್ಷ ಬಂದರೆ ಗುರ್ಜಿ ಕಂಡೀತು. ಹುಡುಗನ ತಲೆಯ ಮೇಲೆ ರೊಟ್ಟಿ ಹಂಚು, ಅದರ ಮೇಲೆ ಸಗಣಿಯ ಗುರ್ಜಿ, ಅದಕ್ಕೆ ಗರಿಕೆ. ಬಾಗಿಲಿಗೆ ಬಂದಾಗ ಮನೆಯಾಕೆ ಕೊಡದ ನೀರು ಸುರಿಯುತ್ತಾಳೆ, ಹುಡುಗ ಗಿರಗಿರನೆ ತಿರುಗುತ್ತಾನೆ. ಕೂಡಿಬಂದ ಕಾಳುಕಡಿಯಲ್ಲಿ ಅಡಿಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಯುರೋಪಿನ ರೊಮೇನಿಯಾದ ಹಳ್ಳಿಗಳಲ್ಲಿ ಪಾಪರೂಡಾ ಎಂಬ ಆಚರಣೆ ಇದೆ. ಹಸಿರೆಲೆ ಉಟ್ಟ ಹುಡುಗಿ ಮನೆಮನೆ ಮುಂದೆ ಕುಣಿಯುತ್ತಾಳೆ, ಹೆಂಗಸರು ನೀರು ಸುರಿಯುತ್ತಾರೆ. ಕಾಲೊಯಾನ್ ಎಂಬ ಮಣ್ಣಿನ ಬೊಂಬೆ ಮಾಡಿ, ಅತ್ತು ಕರೆದು, ಹೂಳುವುದೂ ಅಲ್ಲಿ ಮಳೆಗಾಗಿಯೇ. ನಮ್ಮ ಜೋಕಪ್ಪನಿಗೆ ಅಲ್ಲೊಬ್ಬ ದಾಯಾದಿ ಇದ್ದಾನೆ ಎಂದು ಅವನನ್ನು ಹೊತ್ತು ತರುವ ಅಜ್ಜಿಯರಿಗೆ ಹೇಳಿದರೆ ಆಶ್ಚರ್ಯವೇನೂ ಪಡಲಾರರು. ಬಿತ್ತಿದವನು ಮುಗಿಲು ನೋಡುವುದು ಎಲ್ಲ ದೇಶದಲ್ಲೂ ಒಂದೇ.

ಇಂಥ ಕಡೆ ಪ್ರಶ್ನೆ ಕೇಳುವುದಕ್ಕೂ ಒಂದು ರೀತಿ ಇದೆ. "ಯಾಕ್ರಿ ಹಿಂಗ ಮಾಡ್ತೀರಿ?" ಎಂದರೆ "ಹಿರ್ಯಾರು ಮಾಡ್ಕೊಂತ ಬಂದಾರ್ರಿ" ಎಂಬ ಒಂದು ಮಾತಿಗೆ ಮುಗಿಯುತ್ತದೆ. "ಹ್ಯಾಂಗ ಮಾಡ್ತೀರಿ ಯವ್ವಾ?" ಎಂದು ಕೇಳಿ, ಕೂರಲು ಜಾಗ ಮಾಡಿಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಹೊರಡುವಾಗ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಕೆಲವೊಮ್ಮೆ ಒಂದು ಖಣ. ಬೇಡವೆನ್ನಬಾರದು. ಸೆರಗು ಒಡ್ಡಿ ತೆಗೆದುಕೊಳ್ಳಬೇಕು, ಚೂಡಿದಾರದವರು ದುಪಟ್ಟಾ ಒಡ್ಡಿದರೂ ನಡೆಯುತ್ತದೆ.

ಕೂಡಲಸಂಗಮ, ಇಳಕಲ್

ಕೃಷ್ಣೆ, ಮಲಪ್ರಭೆ ಸೇರುವ ಕೂಡಲಸಂಗಮ ಬಸವಣ್ಣನವರು ಓದಿ ಬೆಳೆದ, ಕೊನೆಗೆ ಐಕ್ಯರಾದ ಜಾಗ. ಐಕ್ಯ ಮಂಟಪಕ್ಕೆ ಹಿನ್ನೀರು ತಾಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಜನವರಿಯಲ್ಲಿ ಶರಣ ಮೇಳ, ಸಂಕ್ರಾಂತಿಗೆ ಹೊಳೆಯ ಸ್ನಾನ. ಬನದ ಹುಣ್ಣಿಮೆಯೂ ಅದೇ ಹೊತ್ತಿಗೆ ಬಿದ್ದ ವರ್ಷ ಒಂದೇ ಪ್ರವಾಸದಲ್ಲಿ ಎರಡೂ ಆಗುತ್ತದೆ. ಅಲ್ಲಿಂದ ಇಳಕಲ್ಲಿಗೆ ಹುನಗುಂದದ ಮೇಲೆ ದಾರಿ. ಅಮೀನಗಡದ ಕಡೆಯಿಂದ ಬರುವವರು ಕರದಂಟು ಕಟ್ಟಿಸಿಕೊಳ್ಳಿ.

ಇಳಕಲ್ಲಿನಲ್ಲಿ ವಿಜಯ ಮಹಾಂತೇಶ ಮಠವಿದೆ. ಆ ಮಠದ ಡಾ. ಮಹಾಂತ ಸ್ವಾಮೀಜಿ ಊರೂರು ತಿರುಗಿ ಜೋಳಿಗೆ ಒಡ್ಡಿ ಬೇಡಿದ್ದು ದುಡ್ಡನ್ನಲ್ಲ, ಜನರ ಚಟಗಳನ್ನು. ಬೀಡಿ, ಗುಟಕಾ, ಸಾರಾಯಿ ಬಿಟ್ಟೆವೆಂದು ಜೋಳಿಗೆಗೆ ಹಾಕಿ ಬರುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಮಹಾಂತ ಜೋಳಿಗೆ ನಮ್ಮ ಕಾಲದಲ್ಲೇ ಹುಟ್ಟಿ ಜನಪದಕ್ಕೆ ಸೇರಿದ ಆಚರಣೆ.

ಸೀರೆಗೆ ಮಗ್ಗದ ಮನೆಗೇ ಹೋಗಿ. ಟಕಟಕ ಸದ್ದು ಹಿಡಿದು ಓಣಿ ಹೊಕ್ಕರೆ ಸಾಕು, "ಒಳಗ ಬರ್ರಿ" ಎನ್ನುತ್ತಾರೆ. ಕುಣಿಮಗ್ಗದ ಮುಂದೆ ಕೂತವರ ಕಾಲು ನೆಲದ ಕೆಳಗೆ ಆಡುತ್ತಿರುತ್ತದೆ. ಇಳಕಲ್ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಮೈಯ ಹಾಸಿನ ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ, ಹಾಗಾಗಿ ಹಾಸನ್ನು ಸೀರೆ ಸೀರೆಗೂ ಬೇರೆಯಾಗಿ ಹೂಡಬೇಕು. ಟೋಪ ತೆನಿ ಸೆರಗಿನ ಮೇಲಿನ ಬಿಳಿ ಹಲ್ಲುಗಳಿಗೂ ಹೆಸರಿದೆ: ಹಣಿಗೆ, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು. ಅಂಚಿನಲ್ಲಿ ಚಿಕ್ಕಿ, ಗೋಮಿ, ಗಾಡಿ ದಡಿ. ಇದಕ್ಕೆ ಜೋಡಿ ಗುಳೇದಗುಡ್ಡದ ಖಣ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ ಹಾಕಿದ್ದು ಸಿಕ್ಕರೆ ಬಿಡಬೇಡಿ, ಹಿಂದೆ ಮದುವೆಯ ಹೆಣ್ಣಿನ ಪೆಟ್ಟಿಗೆಯಲ್ಲಿ ಅದು ಇರಲೇಬೇಕಿತ್ತು.

ಪೇಟೆಯಲ್ಲಿ ಪವರ್‌ಲೂಮಿನ ನಕಲು ಬೇಕಾದಷ್ಟಿದೆ. ಕೊಳ್ಳುವಾಗ ಸೀರೆ ಪೂರ್ತಿ ಬಿಡಿಸಿ, ಮೈ ಮತ್ತು ಸೆರಗು ಕೂಡುವ ಜಾಗವನ್ನು ಹಿಂಬದಿಯಿಂದ ನೋಡಿ. ಕೈಮಗ್ಗದ್ದಾದರೆ ಅಲ್ಲಿ ಕೊಂಡಿಯ ಗಂಟು ಸಾಲಾಗಿ ಬೆರಳಿಗೆ ಸಿಗುತ್ತದೆ. ಹೆಚ್ಚು ಚೌಕಾಸಿ ಬೇಡ, ನೇಯ್ದ ಕೂಲಿ ಎಷ್ಟೆಂದು ಕೇಳಿದರೆ ನಿಮಗೇ ಮನಸ್ಸು ಬರುವುದಿಲ್ಲ. ಮೊದಲ ಸಲ ಒಗೆಯುವಾಗ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆಯಿರಿ, ಕೆಂಪು ಸೆರಗು ಬಣ್ಣ ಬಿಡುವುದುಂಟು.